ಬಿಸಿಲಿನ ಬಡ್ಡಿ ಲೆಕ್ಕ

ಚೆನ್ನೈಯ ಕೋಡಂಬಾಕ್ಕಂನಲ್ಲಿ ಸಿನಿಮಾ ತೆಗೆಯಲು ಹೊರಟವನಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದವನು ಫೈನಾನ್ಶಿಯರ್. ಕಥೆ, ನಾಯಕಿ, ಹಾಡು ಆಮೇಲೆ ಹೇಗೋ ಒದಗುತ್ತಿದ್ದವು. ಸ್ಟುಡಿಯೊ ಬಾಡಿಗೆ, ಕಚ್ಚಾ ಫಿಲ್ಮು, ಸೆಟ್ಟು, ಕಲಾವಿದರ ಅಡ್ವಾನ್ಸು ಎಲ್ಲವೂ ಚಿತ್ರ ಮುಗಿಯುವ ಮೊದಲೇ ಕೈಬಿಡುವ ದುಡ್ಡು. ಅದು ಮರಳಿ ಬರಬೇಕಾದರೆ ಫಿಲ್ಮಿನ ಡಬ್ಬಗಳು ಊರೂರು ತಿರುಗಿ, ಟಾಕೀಸಿನಿಂದ ಟೆಂಟಿಗೆ ಇಳಿದು, ಚಿಲ್ಲರೆ ಚಿಲ್ಲರೆಯಾಗಿ ಕೂಡಬೇಕು. ಅಷ್ಟು ಕಾಲವೂ ಬಡ್ಡಿ ಓಡುತ್ತಲೇ ಇರುತ್ತದೆ. ಎ.ವಿ. ಮೇಯಪ್ಪನ್ 1948ರಲ್ಲಿ ತಮ್ಮ ಸ್ಟುಡಿಯೊವನ್ನು ಕಾರೈಕುಡಿಯಿಂದ ಈ ಪ್ರದೇಶಕ್ಕೆ ತಂದರು. ನಾಗಿರೆಡ್ಡಿಯವರ ವಿಜಯಾ-ವಾಹಿನಿ ಬೆಳೆಯಿತು. ಕನ್ನಡ ಚಿತ್ರರಂಗವೂ ಬೆಂಗಳೂರಿಗೆ ಗಂಟುಮೂಟೆ ಕಟ್ಟುವವರೆಗೆ ದಶಕಗಟ್ಟಲೆ ಇಲ್ಲೇ ಸಂಸಾರ ಹೂಡಿತ್ತು. ಚಿತ್ರ ಚೆನ್ನಾಗಿ ಓಡಿದರೂ ಬಡ್ಡಿಯಲ್ಲಿ ಮುಳುಗಿದ ನಿರ್ಮಾಪಕರು ಆ ಕಾಲದಲ್ಲೂ ಇದ್ದರು.

ಸೌರ ವಿದ್ಯುತ್ತಿನ ವ್ಯಾಪಾರ ಇದೇ ಜಾತಿಯದು. ಇಪ್ಪತ್ತೈದು ವರ್ಷದ ಕರೆಂಟಿಗೆ ತಗಲುವ ಖರ್ಚಿನ ಬಹುಪಾಲು ಮೊದಲ ತಿಂಗಳಲ್ಲೇ ಮುಗಿದುಹೋಗುತ್ತದೆ. ಹೊರಾಂಗಣ ಚಿತ್ರೀಕರಣಕ್ಕೆ ಹೋಗುವ ಜನರೇಟರ್ ವ್ಯಾನಿನದು ಇದಕ್ಕೆ ತದ್ವಿರುದ್ಧ. ಯಂತ್ರ ಅಗ್ಗ, ಹೊಟ್ಟೆ ದೊಡ್ಡದು. ಒಂದು ಲೀಟರ್ ಡೀಸೆಲ್ ಉರಿಸಿದರೆ ಸುಮಾರು ಮೂರರಿಂದ ಮೂರೂವರೆ ಯೂನಿಟ್ ಸಿಗುತ್ತದೆ. ಲೀಟರಿಗೆ 90 ರೂಪಾಯಿ ದಾಟಿದ ಮೇಲೆ ಬರಿಯ ಎಣ್ಣೆಯ ಲೆಕ್ಕದಲ್ಲೇ ಯೂನಿಟ್ಟಿಗೆ 26ರಿಂದ 30 ರೂಪಾಯಿ. ಆದರೆ ಓಡಿಸಿದ ದಿನ ಮಾತ್ರ ಖರ್ಚು. ಶೂಟಿಂಗ್ ರದ್ದಾದರೆ ವ್ಯಾನ್ ಸುಮ್ಮನೆ ನಿಲ್ಲುತ್ತದೆ. ಸೌರಫಲಕ ಸುಮ್ಮನೆ ಬಿದ್ದಿದ್ದರೂ ಅದರ ಸಾಲದ ಕಂತು ಸುಮ್ಮನಿರುವುದಿಲ್ಲ.

ಲೆಕ್ಕವನ್ನೇ ಮಾಡಿ ನೋಡೋಣ. ಚೆನ್ನೈ ತಾರಸಿಯ ಮೇಲೆ ಕೂರಿಸಿದ ಒಂದು ಕಿಲೊವಾಟ್ ಫಲಕ ವರ್ಷಕ್ಕೆ ಸುಮಾರು 1400 ಯೂನಿಟ್ ಕೊಡುತ್ತದೆ, ದಿನಕ್ಕೆ ಹೆಚ್ಚುಕಡಿಮೆ ನಾಲ್ಕು. ಅಷ್ಟಕ್ಕೆ ನೂರು ಚದರಡಿ ಜಾಗ ಬೇಕು. ಇನ್ವರ್ಟರ್, ಕಬ್ಬಿಣದ ಚೌಕಟ್ಟು, ತಂತಿ, ಕೂಲಿ ಎಲ್ಲ ಸೇರಿ ಕಿಲೊವಾಟ್ ಒಂದಕ್ಕೆ 50 ಸಾವಿರ ಎಂದಿಟ್ಟುಕೊಳ್ಳಿ. ಬಡ್ಡಿಯಿಲ್ಲದ ದುಡ್ಡು ಸಿಕ್ಕಿದರೆ ಇಪ್ಪತ್ತೈದು ವರ್ಷಕ್ಕೆ ಭಾಗಿಸಿದಾಗ ಯೂನಿಟ್ಟಿಗೆ ಬೀಳುವುದು ಒಂದೂವರೆ ರೂಪಾಯಿಯೂ ಇಲ್ಲ. ಅದೇ ಹಣವನ್ನು ಶೇಕಡಾ 8ರ ಬಡ್ಡಿಗೆ ತಂದು ಇಪ್ಪತ್ತೈದು ವರ್ಷ ಸಮಕಂತಿನಲ್ಲಿ ತೀರಿಸಿದರೆ ಯೂನಿಟ್ಟಿನ ಬೆಲೆ 3 ರೂಪಾಯಿ 35 ಪೈಸೆಗೆ ಏರುತ್ತದೆ. ಬಡ್ಡಿ ಶೇಕಡಾ 12 ಆದರೆ ನಾಲ್ಕೂವರೆ ರೂಪಾಯಿ, 16 ಆದರೆ ಆರಕ್ಕೆ ಹತ್ತಿರ. ಫಲಕ ಅದೇ, ತಾರಸಿ ಅದೇ, ಮೇಲಿರುವ ಸೂರ್ಯನೂ ಅವನೇ. ಬದಲಾದದ್ದು ದುಡ್ಡು ಕೊಟ್ಟವನು ಕೇಳಿದ ಬಡ್ಡಿ ಮಾತ್ರ.

ಫಲಕದ ಸಿಲಿಕಾನ್ ಕೋಶದ ದಕ್ಷತೆಯನ್ನು ಶೇಕಡಾ ಒಂದೆರಡು ಏರಿಸಲು ಪ್ರಯೋಗಾಲಯಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಡ್ಡಿ ನಾಲ್ಕು ಅಂಶ ಇಳಿದರೆ ಕರೆಂಟಿನ ಬೆಲೆಯಲ್ಲಿ ಆಗುವ ಉಳಿತಾಯದ ಮುಂದೆ ಆ ಏರಿಕೆ ಸಣ್ಣದಾಗಿ ಕಾಣುತ್ತದೆ. ಆದ್ದರಿಂದ ಸೌರ ವಿದ್ಯುತ್ತಿನ ವ್ಯಾಪಾರದಲ್ಲಿ ಹುಟ್ಟಿರುವ ನಾನಾ ಏರ್ಪಾಡುಗಳನ್ನೆಲ್ಲ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಹಣ ಹಾಕುವವನ ಭಯವನ್ನು ಇದು ಎಷ್ಟು ಇಳಿಸುತ್ತದೆ, ಇಳಿಸಿದ ಭಯವನ್ನು ಯಾರ ಹೆಗಲಿಗೆ ದಾಟಿಸುತ್ತದೆ?

ಭಯದ ಮೊದಲ ಭಾಗ ಬಿಸಿಲಿನದೇ. ಫಲಕದ ಮೇಲೆ ಬರೆದಿರುವ ಸಾಮರ್ಥ್ಯ 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ಚೆನ್ನೈಯ ಮಟಮಟ ಮಧ್ಯಾಹ್ನ ತಾರಸಿಯ ಮೇಲಿನ ಕೋಶ 60 ಡಿಗ್ರಿ ಮುಟ್ಟುವುದು ಮಾಮೂಲು. ಪ್ರತಿ ಡಿಗ್ರಿಗೆ ಶೇಕಡಾ 0.35ರಿಂದ 0.4ರಷ್ಟು ಉತ್ಪಾದನೆ ಕುಸಿಯುವುದರಿಂದ ಎಂಟರಲ್ಲಿ ಒಂದು ಪಾಲು ಅಲ್ಲೇ ಆವಿಯಾಗುತ್ತದೆ. ಕತ್ತರಿ ಬಿಸಿಲಿನ ಮೇ ತಿಂಗಳಿಗಿಂತ ಫೆಬ್ರವರಿ, ಮಾರ್ಚ್ ಇಲ್ಲಿ ಹೆಚ್ಚು ಕರೆಂಟು ಕೊಡುವುದಕ್ಕೆ ಇದೂ ಒಂದು ಕಾರಣ. ಈಶಾನ್ಯ ಮಳೆಗಾಲದ ನವೆಂಬರ್, ಡಿಸೆಂಬರ್‌ನಲ್ಲಿ ಕಂತಿನಷ್ಟೂ ಹುಟ್ಟದ ವಾರಗಳಿರುತ್ತವೆ. ಬ್ಯಾಂಕಿನವರು ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದಾರೆ. ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಖಂಡಿತ ದಾಟಬಹುದಾದ ಉತ್ಪಾದನೆ ಎಷ್ಟೆಂದು ಹಳೆಯ ಹವಾಮಾನ ದಾಖಲೆಗಳಿಂದ ಲೆಕ್ಕ ಹಾಕಿಸುತ್ತಾರೆ. ಪಿ-90 ಎಂದು ಅದರ ಹೆಸರು. ಸರಾಸರಿ 1400 ಇದ್ದರೂ ಸಾಲದ ಮೊತ್ತ ನಿರ್ಧಾರವಾಗುವುದು ಆ ಕೆಳಗಿನ ಅಂಕಿಯ ಮೇಲೆ. ಕೋಡಂಬಾಕ್ಕಂನ ಜಾಣ ಫೈನಾನ್ಶಿಯರ್ ಕೂಡ ನಾಯಕನ ನೂರು ದಿನ ಓಡಿದ ಚಿತ್ರವನ್ನು ನೋಡಿ ಸಾಲ ಕೊಡುತ್ತಿರಲಿಲ್ಲ, ತೋಪಾದ ಚಿತ್ರದ ಗಳಿಕೆ ನೋಡಿ ಕೊಡುತ್ತಿದ್ದ.

ಈಗ ಕೋಡಂಬಾಕ್ಕಂನ ಆರ್ಕಾಟ್ ರಸ್ತೆಗೆ ಬನ್ನಿ. ಪವರ್ ಹೌಸ್ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದು ಉಡುಪಿ ಹೋಟೆಲನ್ನು ಕಲ್ಪಿಸಿಕೊಳ್ಳಿ. ಮದರಾಸಿನ ನಾಲಿಗೆಗೂ ಉಡುಪಿಯ ಒಲೆಗೂ ಇರುವ ಸಂಬಂಧ ಹಳೆಯದು, ಕಲ್ಪನೆ ಕಷ್ಟವಲ್ಲ. ಕೆಳಗೆ ಎ.ಸಿ. ಹಾಲು, ಹಿಂದೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನುಗಳು, ಫ್ರೀಜರು, ಗ್ರೈಂಡರು. ವಾಣಿಜ್ಯ ಮೀಟರಾದ್ದರಿಂದ ಯೂನಿಟ್ಟಿಗೆ ಹತ್ತು ರೂಪಾಯಿಯ ಆಸುಪಾಸು ಬಿಲ್ಲು. ಮೇಲಿನ ಮಹಡಿಯಲ್ಲಿ ಕಟ್ಟಡದ ಮಾಲೀಕರ ಸಂಸಾರ. ಅವರದು ಗೃಹಬಳಕೆಯ ಮೀಟರು; ತಮಿಳುನಾಡು ಸರ್ಕಾರ 2016ರಿಂದ ಎಲ್ಲ ಮನೆಗಳಿಗೂ ಎರಡು ತಿಂಗಳಿಗೆ 100 ಯೂನಿಟ್ ಪುಕ್ಕಟೆ ಕೊಡುತ್ತಿದೆ. ಕೆಳಗಿನವರಿಗೆ ಸೌರಫಲಕ ಬೇಕು, ಮೇಲಿನವರಿಗೆ ಅಂಥ ಅವಸರವಿಲ್ಲ, ತಾರಸಿಯ ಬೀಗದಕೈ ಮೇಲಿನವರ ಹತ್ತಿರ. ಭಾರತದ ಊರೂರಲ್ಲಿ ತಾರಸಿ ಸೌರ ವಿದ್ಯುತ್ ನಿಧಾನವಾಗಿ ಹಬ್ಬುತ್ತಿರುವುದಕ್ಕೆ ತಜ್ಞರು ಕೊಡುವ ಕಾರಣಗಳ ಪಟ್ಟಿ ಉದ್ದ; ನನಗೆ ಈ ಬೀಗದಕೈಯೇ ದೊಡ್ಡದಾಗಿ ಕಾಣುತ್ತದೆ.

ಬೀಗದಕೈ ಸಿಕ್ಕಿತೆನ್ನಿ. 20 ಕಿಲೊವಾಟ್ ಹಾಕಲು ಹತ್ತು ಲಕ್ಷ. ವರ್ಷಕ್ಕೆ 28 ಸಾವಿರ ಯೂನಿಟ್, ಅಂದರೆ ಎರಡು ಲಕ್ಷದ ಎಂಬತ್ತು ಸಾವಿರದ ಬಿಲ್ಲು ಉಳಿತಾಯ. ಮೂರೂವರೆ ವರ್ಷ ಚಿಲ್ಲರೆಯಲ್ಲಿ ಹಾಕಿದ ದುಡ್ಡು ಕೈಗೆ ಬಂತು. ಆದಾಯ ತೆರಿಗೆಯಲ್ಲಿ ಇನ್ನೊಂದು ಅನುಕೂಲವಿದೆ. ಸೌರ ಉಪಕರಣದ ಬೆಲೆಯ ಶೇಕಡಾ 40ನ್ನು ಮೊದಲ ವರ್ಷವೇ ಸವಕಳಿ ಎಂದು ತೋರಿಸಬಹುದು; 2017ರ ಮಾರ್ಚ್‌ವರೆಗೆ ಅದು ಶೇಕಡಾ 80 ಇತ್ತು. ಹೋಟೆಲು ಶೇಕಡಾ 30 ತೆರಿಗೆ ಕಟ್ಟುವ ಪಾಲುದಾರಿಕೆಯಾದರೆ ಮೊದಲ ವರ್ಷದಲ್ಲೇ 1 ಲಕ್ಷದ 20 ಸಾವಿರ ಉಳಿಯುತ್ತದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಚಾಲೂ ಮಾಡಿದರೆ ಮಾತ್ರ ಪೂರ್ತಿ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಆಸ್ತಿಗೆ ಅರ್ಧ ಸವಕಳಿ. ಫಲಕ ಕೂರಿಸುವ ಗುತ್ತಿಗೆದಾರರು ತಮಿಳರ ಆಡಿ-ಆವಣಿ ತಿಂಗಳಲ್ಲಿ ಮುಹೂರ್ತ ನೋಡದೆ ಓಡಾಡುವುದು ಈ ತಾರೀಖಿನ ದೆಸೆಯಿಂದ.

ಸವಕಳಿಯ ಈ ಜಾಣತನ ತಮಿಳುನಾಡಿಗೆ ಹೊಸತಲ್ಲ. 1990ರ ದಶಕದಲ್ಲಿ ಕನ್ಯಾಕುಮಾರಿಯ ದಾರಿಯ ಮುಪ್ಪಂದಲ್‌ನಲ್ಲಿ ಗಾಳಿಯಂತ್ರಗಳು ಎದ್ದು ನಿಂತದ್ದೇ ಶೇಕಡಾ ನೂರು ಸವಕಳಿಯ ಬಲದಿಂದ. ಯಂತ್ರದ ಪೂರ್ತಿ ಬೆಲೆಯನ್ನು ಮೊದಲ ವರ್ಷದಲ್ಲೇ ಲಾಭದಿಂದ ಕಳೆಯಲು ಬಿಟ್ಟಾಗ ತೆರಿಗೆ ಉಳಿಸಬೇಕಾದವರೆಲ್ಲ ಗಾಳಿಯ ಕಡೆ ಮುಖ ಮಾಡಿದರು. ರೆಕ್ಕೆ ತಿರುಗುತ್ತದೋ ಇಲ್ಲವೋ ಎಂಬ ಚಿಂತೆ ಅವರಲ್ಲಿ ಎಲ್ಲರಿಗೂ ಇರಲಿಲ್ಲ, ಏಕೆಂದರೆ ಲಾಭ ಯಂತ್ರ ನಿಲ್ಲಿಸಿದ ದಿನವೇ ಕೈಸೇರಿತ್ತು. ತಪ್ಪು ತಿದ್ದಿಕೊಂಡ ಕೇಂದ್ರ ಸರ್ಕಾರ 2009ರಲ್ಲಿ, ಸವಕಳಿ ಬೇಡವೆನ್ನುವವರಿಗೆ ಉತ್ಪಾದಿಸಿದ ಪ್ರತಿ ಯೂನಿಟ್ಟಿಗೆ 50 ಪೈಸೆ ಕೊಡುವ ಯೋಜನೆ ತಂದಿತು. ನಿಲ್ಲಿಸಿದ್ದಕ್ಕೆ ಹಣವೋ, ಉತ್ಪಾದಿಸಿದ್ದಕ್ಕೆ ಹಣವೋ ಎಂಬ ಈ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದು. ನಟ್ಟು ಬಿಗಿ ಮಾಡುವವನ ಕೈಯಲ್ಲಿ ಅದು ಬಹಳ ದೊಡ್ಡದು.

ಮೂರೂವರೆ ವರ್ಷದಲ್ಲಿ ದುಡ್ಡು ಮರಳುತ್ತದೆಂದರೆ ಹೋಟೆಲಿನವರು ಮುಗಿಬೀಳಬೇಕಿತ್ತಲ್ಲ? ಬೀಳುವುದಿಲ್ಲ. ಕೈಯಲ್ಲಿ ಹತ್ತು ಲಕ್ಷವಿದ್ದರೆ ವಳಸರವಾಕ್ಕಂನಲ್ಲಿ ಇನ್ನೊಂದು ಶಾಖೆಗೆ ಅಡ್ವಾನ್ಸ್ ಕೊಡುವುದು ಅವರಿಗೆ ಗೊತ್ತಿರುವ ಧಂದೆ. ಫಲಕದ ಮೇಲಿನ ಪಾರಿವಾಳದ ಹಿಕ್ಕೆ ತೊಳೆಸುವುದು, ಇನ್ವರ್ಟರ್ ಕೆಂಪು ದೀಪ ತೋರಿಸಿದಾಗ ಯಾರಿಗೆ ಫೋನು ಮಾಡುವುದೆಂದು ಹುಡುಕುವುದು ಅವರ ಧಂದೆಯಲ್ಲ. ಈ ಮನಸ್ಥಿತಿಯನ್ನು ಓದಿ ವ್ಯಾಪಾರ ಕಟ್ಟಿದವರಲ್ಲಿ ಗುಜರಾತ್ ಮೂಲದ ಅಮೆರಿಕನ್ ಜಿಗರ್ ಶಾ ಪ್ರಮುಖರು. ಅವರು 2003ರಲ್ಲಿ ಆರಂಭಿಸಿದ ಸನ್‌ಎಡಿಸನ್ ಕಂಪನಿ ಗ್ರಾಹಕನಿಗೆ ಫಲಕ ಮಾರಲಿಲ್ಲ. ಫಲಕ ನಮ್ಮದು, ನಿಮ್ಮ ತಾರಸಿ ಕೊಡಿ, ಹುಟ್ಟಿದ ಕರೆಂಟನ್ನು ಇಷ್ಟು ವರ್ಷ ಇಂಥ ದರಕ್ಕೆ ಕೊಳ್ಳುತ್ತೇವೆಂದು ಸಹಿ ಹಾಕಿ ಎಂದಿತು. ಆ ಸಹಿಯ ಕಾಗದವನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋಗಿ ಸಾಲ ಎತ್ತಿತು. ಇದರ ಭಾರತೀಯ ಶಾಖೆ ಚೆನ್ನೈಯಿಂದಲೇ ನಡೆಯುತ್ತಿತ್ತು. ನಮ್ಮಲ್ಲಿ ಈ ಪದ್ಧತಿಗೆ ಓಪೆಕ್ಸ್ ಎಂದೂ ರೆಸ್ಕೊ ಎಂದೂ ಹೆಸರು. ನಮ್ಮ ಹೋಟೆಲಿಗೆ ಇದು ಯೂನಿಟ್ಟಿಗೆ ನಾಲ್ಕೂವರೆ ಐದೂವರೆ ರೂಪಾಯಿಗೆ ಸಿಗಬಹುದು. ಒಂದು ಪೈಸೆ ಬಂಡವಾಳವಿಲ್ಲದೆ ಬಿಲ್ಲಿನ ಆ ಭಾಗ ಅರ್ಧಕ್ಕಿಳಿಯುತ್ತದೆ.

ಒಪ್ಪಂದದ ಕೊನೆಯ ಪುಟಗಳಲ್ಲಿ ಕೋಡಂಬಾಕ್ಕಂನ ಹಳೆಯ ಪರಿಚಯವೊಂದು ಕಾದು ಕೂತಿರುತ್ತದೆ. ಸಿನಿಮಾ ಹಂಚಿಕೆದಾರ ನಿರ್ಮಾಪಕನಿಗೆ ‘ಮಿನಿಮಮ್ ಗ್ಯಾರಂಟಿ’ ಕೊಡುತ್ತಿದ್ದ: ಚಿತ್ರ ಓಡಲಿ ಬಿಡಲಿ, ಇಷ್ಟು ಹಣ ಖಾತ್ರಿ. ಸೌರ ಒಪ್ಪಂದದಲ್ಲೂ ಅದೇ ಇದೆ. ಹೋಟೆಲು ನವೀಕರಣಕ್ಕೆಂದು ಎರಡು ತಿಂಗಳು ಬಾಗಿಲು ಹಾಕಿದರೂ, ತಾರಸಿಯಲ್ಲಿ ಹುಟ್ಟಬಹುದಾಗಿದ್ದ ಯೂನಿಟ್ಟುಗಳಿಗೆ ಹಣ ತೆರಬೇಕು. ಪಕ್ಕದ ನಿವೇಶನದಲ್ಲಿ ಆರು ಮಹಡಿ ಎದ್ದು ನೆರಳು ಬಿದ್ದರೆ ನಷ್ಟ ಯಾರದು, ಕಟ್ಟಡ ಮಾರಿದರೆ ಹೊಸ ಮಾಲೀಕ ಒಪ್ಪಂದಕ್ಕೆ ಬದ್ಧನೋ ಎಂಬ ಪ್ರಶ್ನೆಗಳೂ ಅಲ್ಲೇ ಇರುತ್ತವೆ. ಕೋಡಂಬಾಕ್ಕಂನಲ್ಲಿ ಇದು ಊಹೆಯ ಮಾತಲ್ಲ. ಸ್ಟುಡಿಯೊ ಫ್ಲೋರುಗಳೇ ನೆಲಸಮವಾಗಿ ವಿಜಯಾ-ವಾಹಿನಿಯ ಜಾಗದಲ್ಲಿ ಆಸ್ಪತ್ರೆ, ಮಾಲ್ ಬಂದಿರುವ ಊರಿನಲ್ಲಿ, ಒಂದು ತಾರಸಿ ಇಪ್ಪತ್ತೈದು ವರ್ಷ ಅದೇ ಎತ್ತರದಲ್ಲಿ ಅದೇ ಒಡೆತನದಲ್ಲಿ ಉಳಿಯುತ್ತದೆ ಎಂದು ಬರೆದುಕೊಡುವವರು ಯಾರು? ಹೋಟೆಲಿನ ಬಾಡಿಗೆ ಕರಾರೇ ಮೂರೋ ಐದೋ ವರ್ಷದ್ದು.

ಅತ್ತ ಫಲಕದ ಕಂಪನಿಯೇ ಮುಳುಗುವುದೂ ಉಂಟು. ಸನ್‌ಎಡಿಸನ್ 2015ರ ನವೆಂಬರಿನಲ್ಲಿ ಆಂಧ್ರದ ಕರ್ನೂಲಿನ 500 ಮೆಗಾವಾಟ್ ಯೋಜನೆಯನ್ನು ಯೂನಿಟ್ಟಿಗೆ 4 ರೂಪಾಯಿ 63 ಪೈಸೆಗೆ ಹಿಡಿದು ಎಲ್ಲರ ಹುಬ್ಬೇರಿಸಿತ್ತು. 2016ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಜಿಗರ್ ಶಾ ಆ ಹೊತ್ತಿಗೆ ಅದನ್ನು ಬಿಟ್ಟು ವರ್ಷಗಳಾಗಿದ್ದವು. ಕಂಪನಿಯ ಭಾರತದ ಆಸ್ತಿಯನ್ನು ಹೈದರಾಬಾದಿನ ಗ್ರೀನ್‌ಕೊ ಕೊಂಡಿತು. ಫಲಕಗಳು ಯಾವ ದಿವಾಳಿಯ ಸುದ್ದಿಯನ್ನೂ ಕೇಳಿಸಿಕೊಳ್ಳದೆ ಕರೆಂಟು ಹುಟ್ಟಿಸುತ್ತಲೇ ಇದ್ದವು. ಯಾಕೆಂದರೆ ಮುಳುಗಿದ್ದು ಸಾಲದ ಮೇಲೆ ಸಾಲ ಕಟ್ಟಿದ ಗೋಪುರ, ತಂತ್ರಜ್ಞಾನವಲ್ಲ.

ಇನ್ನು ಸರ್ಕಾರದ ಮೀಟರು. ತಮಿಳುನಾಡು 2012ರ ಅಕ್ಟೋಬರಿನಲ್ಲಿ ಸೌರ ನೀತಿ ಪ್ರಕಟಿಸಿದಾಗ ರಾಜ್ಯ ವಿದ್ಯುತ್ ಬರದಲ್ಲಿತ್ತು. ಚೆನ್ನೈಯಲ್ಲಿ ದಿನಕ್ಕೆ ಎರಡು ಗಂಟೆ ಕಡಿತ, ಹಳ್ಳಿಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು. 2015ರೊಳಗೆ 3000 ಮೆಗಾವಾಟ್ ಎಂಬ ಗುರಿ ಇಟ್ಟುಕೊಂಡ ಜಯಲಲಿತಾ ಸರ್ಕಾರ, ದೊಡ್ಡ ಗ್ರಾಹಕರು ತಮ್ಮ ಬಳಕೆಯಲ್ಲಿ ಮೊದಲು ಶೇಕಡಾ 3, ಆಮೇಲೆ ಶೇಕಡಾ 6ರಷ್ಟು ಸೌರ ವಿದ್ಯುತ್ತನ್ನು ಕಡ್ಡಾಯವಾಗಿ ಕೊಳ್ಳಬೇಕೆಂದು ವಿಧಿಸಿತು. 2014ರ ಜನವರಿಯಲ್ಲಿ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ ಆ ಕಟ್ಟಳೆಯನ್ನು ರದ್ದು ಮಾಡಿತು. ಕಡ್ಡಾಯವನ್ನು ನಂಬಿ ಯೋಜನೆ ಹಾಕಿಕೊಂಡವರಿಗೆ ಅದೊಂದು ಪಾಠ. ಕರ್ನಾಟಕದಲ್ಲಿ ಪಾಠ ಬೇರೆ ಬಗೆಯದು. 2013ರಲ್ಲಿ ನಮ್ಮ ವಿದ್ಯುತ್ ನಿಯಂತ್ರಣ ಆಯೋಗ ಸಬ್ಸಿಡಿ ಪಡೆಯದ ತಾರಸಿ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತು. ಫಲಕದ ಬೆಲೆ ವರ್ಷವರ್ಷ ಕುಸಿಯುತ್ತಿತ್ತು, ದರ ಮಾತ್ರ ಇಪ್ಪತ್ತೈದು ವರ್ಷಕ್ಕೆ ಗಟ್ಟಿ. ಜನ ಮುಗಿಬಿದ್ದರು, 2016ರಲ್ಲಿ ಆಯೋಗ ದರ ಇಳಿಸಿತು. ಒಂದು ಕಡೆ ಗದೆ, ಇನ್ನೊಂದು ಕಡೆ ಬೆಲ್ಲ. ಬ್ಯಾಂಕುಗಳು ಎರಡರಿಂದಲೂ ಕಲಿತದ್ದು ಒಂದೇ: ಸರ್ಕಾರಿ ಆದೇಶವನ್ನು ಆಧಾರವಾಗಿಟ್ಟು ದೀರ್ಘ ಸಾಲ ಕೊಡುವಾಗ ಬಡ್ಡಿ ತುಸು ಮೇಲಿರಲಿ.

ನೆಟ್ ಮೀಟರ್ ಇದ್ದಾಗ ಹಗಲಿನಲ್ಲಿ ಹೆಚ್ಚಾದ ಯೂನಿಟ್ಟನ್ನು ವಿದ್ಯುತ್ ಜಾಲಕ್ಕೆ ತಳ್ಳಿ, ರಾತ್ರಿ ಅಷ್ಟನ್ನೇ ವಾಪಸು ಪಡೆಯಬಹುದು, ಒಂದಕ್ಕೆ ಒಂದು. 2021ರ ಆದೇಶದಲ್ಲಿ ತಮಿಳುನಾಡಿನ ಆಯೋಗ ಈ ಸವಲತ್ತನ್ನು ಮನೆಗಳಿಗೆ ಉಳಿಸಿ ವಾಣಿಜ್ಯ ಗ್ರಾಹಕರನ್ನು ಬೇರೆ ಪದ್ಧತಿಗೆ ಕಳಿಸಿತು. ಅಲ್ಲಿ ಹೋಟೆಲು ಜಾಲಕ್ಕೆ ಕೊಟ್ಟ ಯೂನಿಟ್ಟಿಗೆ ಸಿಗುವುದು, ಜಾಲದಿಂದ ಕೊಂಡದ್ದಕ್ಕೆ ತೆರುವ ಬೆಲೆಯ ಅರ್ಧಕ್ಕಿಂತ ಎಷ್ಟೋ ಕಡಿಮೆ. ಮೇಲಿನಿಂದ ಜಾಲ ಶುಲ್ಕ ಬೇರೆ. ಇಲ್ಲಿಂದ ಮುಂದೆ ಎಷ್ಟು ಹುಟ್ಟಿತು ಎಂಬುದಕ್ಕಿಂತ ಯಾವ ಗಂಟೆಯಲ್ಲಿ ಬಳಸಿದಿರಿ ಎಂಬುದೇ ಮುಖ್ಯವಾಯಿತು. ಈ ಕಣ್ಣಿನಿಂದ ನೋಡಿದರೆ ಆರ್ಕಾಟ್ ರಸ್ತೆ ಬೇರೆಯೇ ಆಗಿ ಕಾಣುತ್ತದೆ. ಕಿಟಕಿಯೇ ಇಲ್ಲದೆ ಹಗಲಿಡೀ ಎ.ಸಿ. ಓಡಿಸುವ ಡಬ್ಬಿಂಗ್ ಥಿಯೇಟರು ಸೌರ ಕಂಪನಿಗೆ ಅಚ್ಚುಮೆಚ್ಚು. ಆಸ್ಪತ್ರೆ ಇನ್ನೂ ಮೇಲು, ವಾರವೆಲ್ಲ ಒಂದೇ ಹದದ ಬಳಕೆ. ಆದರೆ ಅದರ ತಾರಸಿಯಲ್ಲಿ ಚಿಲ್ಲರ್, ಕೂಲಿಂಗ್ ಟವರ್, ನೀರಿನ ಟ್ಯಾಂಕುಗಳ ನಡುವೆ ಫಲಕಕ್ಕೆ ಉಳಿಯುವ ಜಾಗ ಅಲ್ಪ. ಶಾಲೆ ಭಾನುವಾರ ಮುಚ್ಚಿರುತ್ತದೆ, ಬಿಸಿಲು ಸುರಿಯುವ ಏಪ್ರಿಲ್-ಮೇ ತಿಂಗಳಲ್ಲಿ ರಜೆ. ಕಲ್ಯಾಣ ಮಂಟಪಕ್ಕೆ ಮುಹೂರ್ತವಿದ್ದ ದಿನ ಕರೆಂಟು ಸಾಲದು, ಉಳಿದ ದಿನ ಬೇಡ. ನಮ್ಮ ಹೋಟೆಲಿನ ಗ್ರೈಂಡರು ನಸುಕಿನಲ್ಲೇ ರುಬ್ಬಿ ಮುಗಿಸುತ್ತದೆ, ಟಿಫಿನ್ನಿನ ಗದ್ದಲ ಸಂಜೆ. ಮಧ್ಯಾಹ್ನದ ಊಟದ ಎ.ಸಿ. ಮತ್ತು ಫ್ರೀಜರುಗಳೇ ಸೌರ ಲೆಕ್ಕವನ್ನು ಕಾಯುವುದು. 20ರ ಬದಲು 12 ಕಿಲೊವಾಟ್ ಹಾಕಿ ಎಂದು ಪ್ರಾಮಾಣಿಕ ಗುತ್ತಿಗೆದಾರ ಹೇಳುವುದು ಇದಕ್ಕೇ. ಹೆಚ್ಚು ಫಲಕ ಮಾರಿದರೆ ಹೆಚ್ಚು ಕಮಿಷನ್ ಸಿಗುವವನು ಹೇಳುವುದಿಲ್ಲ.

ಕಡಿತದ ಕಾಲದಲ್ಲಿ ಫಲಕ ಕೊಂಡ ಎಷ್ಟೋ ಜನರಿಗೆ ಕಾದಿದ್ದ ಆಶ್ಚರ್ಯವೆಂದರೆ, ವಿದ್ಯುತ್ ಮಂಡಳಿಯ ಲೈನು ಹೋದಾಗ ಸೌರ ವಿದ್ಯುತ್ತೂ ಹೋಗುತ್ತದೆ. ಬ್ಯಾಟರಿಯಿಲ್ಲದ ಇನ್ವರ್ಟರು ಜಾಲದ ತಾಳಕ್ಕೆ ತಾಳ ಸೇರಿಸಿ ಕೆಲಸ ಮಾಡುವಂಥದ್ದು. ಜಾಲ ಸತ್ತ ಮೇಲೂ ಅದು ತಂತಿಗೆ ವಿದ್ಯುತ್ ತಳ್ಳುತ್ತಿದ್ದರೆ, ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೆ ಸಂಚಕಾರ. ಹಾಗಾಗಿ ಕಣ್ಣುಮುಚ್ಚಿ ತೆರೆಯುವುದರಲ್ಲಿ ತಾನೂ ಆರಿಹೋಗಬೇಕೆಂಬುದು ನಿಯಮ. ಡೀಸೆಲ್ ಜನರೇಟರಿನೊಂದಿಗೆ ಜೋಡಿಸಿದರೆ ಸೌರ ಇನ್ವರ್ಟರು ಮತ್ತೆ ಎಚ್ಚರಗೊಳ್ಳಬಹುದು, ಆದರೆ ಜನರೇಟರಿನ ಮೇಲೆ ಕನಿಷ್ಠ ಶೇಕಡಾ 30ರಷ್ಟು ಹೊರೆ ಇರುವಂತೆ ನೋಡಿಕೊಳ್ಳುವ ನಿಯಂತ್ರಕ ಬೇಕು. ಆ ಜೋಡಣೆಯಲ್ಲಿ ಉಳಿಯುವ ಪ್ರತಿ ಯೂನಿಟ್ಟು ಮೂವತ್ತು ರೂಪಾಯಿಯ ಡೀಸೆಲ್ ಯೂನಿಟ್ಟು. ಕಡಿತ ಹೆಚ್ಚಿದ್ದ ವರ್ಷಗಳಲ್ಲಿ ಸೌರ ವಿದ್ಯುತ್ತಿನ ಲೆಕ್ಕ ಚೆನ್ನಾಗಿ ಕೂಡಿಬಂದದ್ದು, ಕಡಿತ ನಿಂತ ಮೇಲೆ ಸಪ್ಪಗಾದದ್ದು ಈ ಕಾರಣದಿಂದ.

ಬೆಂಗಳೂರಿನ ಕಂಪನಿ ಚೆನ್ನೈಗೆ ಬಂದು ಅದೇ ಚೌಕಟ್ಟಿನಲ್ಲಿ ಫಲಕ ಕೂರಿಸಿದರೆ ಏನಾದೀತು ಎಂಬುದಕ್ಕೆ ಉತ್ತರ ಭಾರತೀಯ ಮಾನಕ 875ರಲ್ಲಿದೆ. ಕಟ್ಟಡ ವಿನ್ಯಾಸಕ್ಕೆ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರು, ಚೆನ್ನೈಯದು 50. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಇಲ್ಲಿನ ಚೌಕಟ್ಟು ತಡೆಯಬೇಕಾದ ಬಲ ಅಲ್ಲಿನದರ ಎರಡು ಪಟ್ಟಿಗೂ ಮಿಗಿಲು. 50 ಮೀಟರ್ ವೇಗದಲ್ಲಿ ಚದರ ಮೀಟರಿಗೆ ಸುಮಾರು 150 ಕಿಲೊ ತೂಕದಷ್ಟು ಒತ್ತಡ. ಎರಡೂವರೆ ಚದರ ಮೀಟರಿನ ಒಂದು ಫಲಕದ ಮೇಲೆ 375 ಕಿಲೊ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ನಗರದ ಮೇಲೆ ಹಾದುಹೋದಾಗ ಮರಗಳು ಸಾವಿರಗಟ್ಟಲೆ ಉರುಳಿದವು. ಬ್ಯಾಂಕು ವಿಮೆ ಕೇಳುತ್ತದೆ, ವಿಮೆಯವರು ವಿನ್ಯಾಸದ ಪ್ರಮಾಣಪತ್ರ ಕೇಳುತ್ತಾರೆ, ತಾರಸಿಯ ಮಾಲೀಕರು ಕಾಂಕ್ರೀಟಿನಲ್ಲಿ ತೂತು ಕೊರೆಯಬೇಡಿ, ಸೋರುತ್ತದೆ ಎನ್ನುತ್ತಾರೆ. ತೂತು ಕೊರೆಯದೆ ಕಾಂಕ್ರೀಟ್ ದಿಮ್ಮಿಗಳ ಭಾರದಿಂದಲೇ ಫಲಕ ಹಿಡಿದಿಡಲು ಹೋದರೆ ಹಳೆಯ ಮದ್ರಾಸ್ ತಾರಸಿ ಅಷ್ಟು ಭಾರ ಹೊರುತ್ತದೆಯೇ ಎಂದು ಎಂಜಿನಿಯರ್ ನೋಡಬೇಕು. ಸಾಲ ಮಂಜೂರಾಗುವುದು ವಿಮೆಯವರು, ಮಾಲೀಕರು, ಎಂಜಿನಿಯರ್ ಮೂವರೂ ಒಪ್ಪಿದ ಮೇಲೆ.

ದೊಡ್ಡ ಬಳಕೆದಾರರು ತಾರಸಿಯ ರಗಳೆಯೇ ಬೇಡವೆಂದು ಊರಾಚೆ ಹೋಗುತ್ತಾರೆ. 2003ರ ವಿದ್ಯುತ್ ಕಾಯ್ದೆ ಮತ್ತು 2005ರ ನಿಯಮಗಳು ಗುಂಪಿನ ಸ್ವಂತ ಉತ್ಪಾದನೆಗೆ ದಾರಿ ಮಾಡಿವೆ: ಗ್ರಾಹಕರೆಲ್ಲ ಸೇರಿ ಸ್ಥಾವರದ ಕನಿಷ್ಠ ಶೇಕಡಾ 26 ಷೇರು ಕೊಂಡು, ಅದರ ಕರೆಂಟಿನಲ್ಲಿ ಕನಿಷ್ಠ ಶೇಕಡಾ 51 ಬಳಸಿದರೆ ಅದು ಅವರದೇ ಸ್ಥಾವರ, ಬೇರೆಯವರಿಂದ ಕೊಂಡರೆ ಬೀಳುವ ಅಡ್ಡ ಸಬ್ಸಿಡಿ ಶುಲ್ಕ ಅದಕ್ಕಿಲ್ಲ. ಕೊಯಮತ್ತೂರಿನ ಗಿರಣಿಗಳು ಗಾಳಿಯಂತ್ರಗಳಲ್ಲಿ ಪಳಗಿಸಿದ್ದ ವಿದ್ಯೆ ಇದು. 2022ರ ಹಸಿರು ಮುಕ್ತ ಪ್ರವೇಶ ನಿಯಮಗಳು ಕನಿಷ್ಠ ಮಿತಿಯನ್ನು ಒಂದು ಮೆಗಾವಾಟ್‌ನಿಂದ 100 ಕಿಲೊವಾಟ್‌ಗೆ ಇಳಿಸಿದ ಮೇಲೆ ಮಾಲು, ಆಸ್ಪತ್ರೆಗಳಿಗೂ ತೆಂಕಣ ಜಿಲ್ಲೆಗಳ ಬಿಸಿಲು ಎಟುಕಿದೆ. ಷೇರಿನ ನೆಪ ಕಾನೂನಿಗಾಗಿ, ಆಸೆ ಕರೆಂಟಿಗಾಗಿ ಎಂಬುದು ಎಲ್ಲರಿಗೂ ಗೊತ್ತು.

ಆ ತೆಂಕಣ ಬಿಸಿಲಿನಲ್ಲೇ, ರಾಮನಾಥಪುರಂ ಜಿಲ್ಲೆಯ ಕಮುದಿಯಲ್ಲಿ, 2016ರಲ್ಲಿ ಅದಾನಿ ಕಂಪನಿಯ 648 ಮೆಗಾವಾಟ್ ಸ್ಥಾವರ ಎದ್ದಿತು, ಯೂನಿಟ್ಟಿಗೆ 7 ರೂಪಾಯಿ 1 ಪೈಸೆಯ ಒಪ್ಪಂದದಲ್ಲಿ. ಮರುವರ್ಷವೇ ರಾಜಸ್ಥಾನದ ಭಡ್ಲಾದಲ್ಲಿ ದರ 2 ರೂಪಾಯಿ 44 ಪೈಸೆಗೆ ಇಳಿಯಿತು, 2020ರ ಕೊನೆಗೆ ಗುಜರಾತಿನಲ್ಲಿ 1 ರೂಪಾಯಿ 99 ಪೈಸೆ ಕೂಗಿದರು. ಫಲಕ ಅಗ್ಗವಾದದ್ದು ನಿಜ. ಹಣ ಸರಿಯಾದ ದಿನಕ್ಕೆ ಬರುತ್ತದೆಂಬ ನಂಬಿಕೆ ಬಡ್ಡಿಯನ್ನು ಅಗ್ಗ ಮಾಡಿದ್ದೂ ಅಷ್ಟೇ ನಿಜ. ತಮಿಳುನಾಡಿನ ವಿದ್ಯುತ್ ನಿಗಮಕ್ಕೆ ಉತ್ಪಾದಕರ ಬಿಲ್ಲನ್ನು ತಿಂಗಳುಗಟ್ಟಲೆ ತಡಮಾಡಿದ ಕುಖ್ಯಾತಿ ಇದೆ. ಜಾಲದ ಸುರಕ್ಷೆಯ ಕಾರಣವಿಲ್ಲದೆ ಸೌರ ಸ್ಥಾವರಗಳನ್ನು ನಿಲ್ಲಿಸಿದ್ದಕ್ಕೆ ಪರಿಹಾರ ಕೊಡಬೇಕೆಂದು 2021ರಲ್ಲಿ ನ್ಯಾಯಮಂಡಳಿಯೇ ಹೇಳಬೇಕಾಯಿತು. ಇಂಥ ಪ್ರತಿಯೊಂದು ತಡವೂ ಮುಂದಿನ ಸಾಲದ ಬಡ್ಡಿಯಲ್ಲಿ ಸೇರಿ, ಕೊನೆಗೆ ಯೂನಿಟ್ಟಿನ ಬೆಲೆಯಾಗಿ ಗ್ರಾಹಕನ ಮನೆಗೇ ಬರುತ್ತದೆ.

ಕರ್ನಾಟಕದ ಪಾವಗಡದಲ್ಲಿ ಭಯ ಇಳಿಸಿದ ಬಗೆ ಬೇರೆ. ಭೂಸ್ವಾಧೀನದ ಜಗಳಕ್ಕೆ ಹೋಗದೆ, ತಿರುಮಣಿ, ವಳ್ಳೂರು ಮುಂತಾದ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2050 ಮೆಗಾವಾಟ್ ಮುಟ್ಟಿತು. ಭೂಮಿ, ರಸ್ತೆ, ಉಪಕೇಂದ್ರಗಳ ಹೊಣೆಯನ್ನು ಸರ್ಕಾರಿ ಕಂಪನಿಯೇ ಹೊತ್ತದ್ದರಿಂದ ಹಣ ಹಾಕುವವರ ಅಂಜಿಕೆ ಕರಗಿತು. ಜಮೀನಿದ್ದವರಿಗೆ ಬರಗಾಲದಲ್ಲೂ ಬಾಡಿಗೆ ಬಂತು. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಈ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ; ಹಣಕಾಸಿನ ಜಾಣ ಏರ್ಪಾಡುಗಳ ಬಗ್ಗೆ ಬರೆಯುವಾಗ ನಾವು ದಾಟಿಕೊಂಡು ಹೋಗುವ ಮಾತು ಇದು.

ತೀರಾ ಸಣ್ಣ ಗ್ರಾಹಕರ ಲೆಕ್ಕವನ್ನು ಬಿಡಿಸಿದ್ದೂ ಕರ್ನಾಟಕವೇ. ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಶುರು ಮಾಡಿದಾಗ ದೀಪ ಮಾರುವುದಕ್ಕಿಂತ ಗ್ರಾಮೀಣ ಬ್ಯಾಂಕಿನ ಮ್ಯಾನೇಜರನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ಬೀದಿಬದಿಯ ವ್ಯಾಪಾರಿಗೆ ತಿಂಗಳಿಗೆ ಮುನ್ನೂರು ಕೂಡಿಸುವುದಾಗದು, ದಿನಕ್ಕೆ ಹತ್ತು ಕೊಡುವುದಾದೀತು. ಕಂತನ್ನು ಸಂಪಾದನೆಯ ಲಯಕ್ಕೆ ಹೊಂದಿಸಿದರೆ ಸಾಲ ತೀರುತ್ತದೆ ಎಂದು ಅವರು ತೋರಿಸಿಕೊಟ್ಟರು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಸೌರ ದೀಪದ ಸಾಲದ ಬಡ್ಡಿ ಇಳಿಸಿತು; ಕೆಲವೇ ವರ್ಷಗಳಲ್ಲಿ ಇಪ್ಪತ್ತು ಸಾವಿರದ ಹತ್ತಿರ ಸಾಲಗಳು ವಿತರಣೆಯಾದವು. ಫಲಕಕ್ಕೆ ಸಬ್ಸಿಡಿ ಕೊಡದೆ ಬಡ್ಡಿಗೆ ಕೊಟ್ಟದ್ದು ಆ ಯೋಜನೆಯ ಜಾಣ್ಮೆ.

2024ರ ಫೆಬ್ರವರಿಯ ಪಿಎಂ ಸೂರ್ಯಘರ್ ಯೋಜನೆ ಮತ್ತೆ ಫಲಕದ ಕಡೆಗೇ ಹೊರಳಿದೆ, ಜೊತೆಗೆ ಅಡಮಾನವಿಲ್ಲದ ಅಗ್ಗದ ಸಾಲವನ್ನೂ ಇಟ್ಟಿದೆ. ಮನೆಗೆ 78 ಸಾವಿರದವರೆಗೆ ಸಬ್ಸಿಡಿ, ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೊವಾಟ್‌ಗೆ 18 ಸಾವಿರ. ಕೋಡಂಬಾಕ್ಕಂನ ಒಳಬೀದಿಗಳಲ್ಲಿ ಎಂಟು ಮನೆಗಳ, ಲಿಫ್ಟಿಲ್ಲದ ಫ್ಲಾಟುಗಳು ಬೇಕಾದಷ್ಟಿವೆ. ತಾರಸಿ ಎಲ್ಲರದು, ಅಂದರೆ ಒಬ್ಬರು ಬೇಡವೆಂದರೂ ಅಡ್ಡಿ. ಮೆಟ್ಟಿಲ ದೀಪ ಮತ್ತು ನೀರಿನ ಪಂಪಿಗೆ ಎರಡು ಕಿಲೊವಾಟ್ ಸಾಕು. ಸಣ್ಣದಾದ್ದರಿಂದ ಕಿಲೊವಾಟ್‌ಗೆ 60 ಸಾವಿರ ಹಿಡಿದು, ಸಬ್ಸಿಡಿ ಕಳೆದರೆ ಖರ್ಚು 84 ಸಾವಿರ, ಮನೆಗೆ ಹತ್ತೂವರೆ ಸಾವಿರ. ಸಾಮಾನ್ಯ ಮೀಟರಿನ ದರ ಯೂನಿಟ್ಟಿಗೆ ಹಿಂದಿನಂತೆ ಎಂಟು ರೂಪಾಯಿಯೇ ಇದ್ದಿದ್ದರೆ ನಾಲ್ಕು ವರ್ಷದೊಳಗೆ ದುಡ್ಡು ಹಿಂದಿರುಗುತ್ತಿತ್ತು. ಆದರೆ 2023ರಲ್ಲೇ ತಮಿಳುನಾಡು ಸರ್ಕಾರ ಕನಿಕರಪಟ್ಟು, ಹತ್ತು ಮನೆಗಳವರೆಗಿನ ಲಿಫ್ಟಿಲ್ಲದ ಇಂಥ ಕಟ್ಟಡಗಳಿಗೆ ದರವನ್ನು ಐದೂವರೆ ರೂಪಾಯಿಗೆ ಇಳಿಸಿತು. ಆ ದರದಲ್ಲಿ ಐದೂವರೆ ವರ್ಷ ಕಾಯಬೇಕು. ಉಳಿತಾಯವನ್ನು ಎಂಟು ಮನೆಗೆ ಹಂಚಿದರೆ ತಿಂಗಳಿಗೆ ತಲಾ 160 ರೂಪಾಯಿ. ಅಷ್ಟಕ್ಕಾಗಿ ಸಂಘದ ಸಭೆ ಕರೆದು, ಒಗೆದ ಬಟ್ಟೆ ಒಣಗಿಸುವ ಹಗ್ಗವನ್ನು ಎಲ್ಲಿಗೆ ಸರಿಸಬೇಕೆಂದು ಎಂಟು ಮನೆಯವರನ್ನೂ ಒಪ್ಪಿಸುವ ಕಾರ್ಯದರ್ಶಿ ಇನ್ನೂ ಸಿಕ್ಕಿಲ್ಲ.